ಹಳೆಯ ಟ್ರ್ಯಾಕ್ಟರಿನಲ್ಲಿ ಪೆಟ್ರೋಲ್ ಎಲ್ಲಿ ತಡೆಯುತ್ತಿತ್ತು

ನನ್ನ ಹಳೆಯ ಪೆಟ್ರೋಲ್ ಟ್ರ್ಯಾಕ್ಟರ್ ಹತ್ತು ನಿಮಿಷ ಚೆನ್ನಾಗಿ ಓಡಿ, ನೇಗಿಲಿನ ಭಾರ ಬಿದ್ದೊಡನೆ ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತಿತ್ತು. ಇಂತಹ ಲಕ್ಷಣ ಕಂಡೊಡನೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಬಿಚ್ಚುವುದು ಅವಸರದ ಕೆಲಸವೆಂದು ಈಗ ಹೇಳುತ್ತೇನೆ, ಹಿಂದೊಮ್ಮೆ ನಾನೂ ಹಾಗೆಯೇ ಮಾಡಿದ್ದೆನಾದರೂ. ಈ ಯಂತ್ರದಲ್ಲಿ ಇಂಧನದ ಪಂಪ್ ಇಲ್ಲ. ಮೇಲಿರುವ ಟ್ಯಾಂಕಿನಿಂದ ಪೆಟ್ರೋಲ್ ತನ್ನ ತೂಕದಿಂದಲೇ ಇಳಿಯಬೇಕಾದ್ದರಿಂದ ಸಣ್ಣ ತಡೆಯೂ ದೊಡ್ಡದಾಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಿನಲ್ಲಿ, ಕಾರ್ಬ್ಯುರೇಟರಿನ ತಳದ ಡ್ರೈನ್ ಪ್ಲಗ್ ತೆಗೆದು, ಕೆಳಗೆ ಡಬ್ಬಿ ಹಿಡಿದು, ಧಾರೆಯನ್ನು ಎರಡು ಮೂರು ನಿಮಿಷ ಗಮನಿಸಿದೆ. ಮೊದಲು ದಪ್ಪಗೆ ಬಿದ್ದ ಧಾರೆ ಕ್ರಮೇಣ ಹನಿಹನಿಯಾಯಿತು. ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದರೂ ಅದು ಚುರುಕಾಗದಿದ್ದುದರಿಂದ, ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆಯೆಂಬ ಶಂಕೆ ದೂರವಾಯಿತು. ದೋಷವಿದ್ದದ್ದು ಗಸಿ ನಿಲ್ಲುವ ಗಾಜಿನ ಬಟ್ಟಲಿನ ಮೇಲಿನ ಜಾಲರಿಯಲ್ಲಿ: ಟ್ಯಾಂಕಿನ ತುಕ್ಕಿನ ಪುಡಿ ಅಲ್ಲಿ ಕೆಸರಿನಂತೆ ಮೆತ್ತಿಕೊಂಡಿತ್ತು. ಎಂಜಿನ್ ನಿಂತಿರುವಾಗ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ನಿಲ್ಲುವ, ಫ್ಲೋಟ್ (ತೇಲುವ ಬುರುಡೆ) ಇರುವ ಕೋಣೆ ನಿಧಾನವಾಗಿ ತುಂಬಿಕೊಳ್ಳುತ್ತಿದ್ದುದೇ ಮರುಚಾಲನೆಯ ಗುಟ್ಟು.

ಜಾಲರಿಯನ್ನು ತೊಳೆದು, ಟ್ಯಾಂಕನ್ನು ಬರಿದುಮಾಡಿ ಶುಚಿಗೊಳಿಸಿ, ಬಟ್ಟಲಿನ ಗ್ಯಾಸ್ಕೆಟ್ ಬದಲಿಸಿದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಮುಖ್ಯ ಜೆಟ್ಟನ್ನು ಗಾಳಿ ಊದಿ ಸ್ವಚ್ಛಗೊಳಿಸಿದೆನೇ ಹೊರತು ಉಕ್ಕಿನ ತಂತಿಯಿಂದ ಕೆದಕಲಿಲ್ಲ. ಹಿತ್ತಾಳೆಯ ಆ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಪೆಟ್ರೋಲ್ ಮತ್ತು ಗಾಳಿಯ ಅಳತೆ ಕೆಡುತ್ತದೆ. ಮರುದಿನ ಡ್ರೈನ್ ಪ್ಲಗ್ ತೆಗೆದು ನೋಡಿದಾಗ ಧಾರೆ ಕೊನೆಯವರೆಗೂ ಒಂದೇ ಸಮನಾಗಿತ್ತು.