ನಮ್ಮವರು ಚೆನ್ನಾಗಿದ್ದಾರಾ?

ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಏಜಿನಾ ದ್ವೀಪಕ್ಕೆ ಹಡಗಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಅಷ್ಟರೊಳಗೆ ನಮ್ಮ ಹನ್ನೊಂದು ಜನರಲ್ಲಿ ಇಬ್ಬರಿಗೆ ವಾಂತಿಯಾಗಿ, ಇನ್ನೊಬ್ಬನ ಟೋಪಿ ಸಮುದ್ರಕ್ಕೆ ಹಾರಿಹೋಗಿತ್ತು.

ನಾವು ಮ್ಯೂನಿಕ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದವರು. ಸೆಪ್ಟೆಂಬರ್ ರಜೆಯಲ್ಲಿ ಗ್ರೀಸ್ ಪ್ರವಾಸ. ಏಜಿನಾಗೆ ಸಿಕ್ಕಿದ್ದು ಒಂದೇ ದಿನ. ನೋಡಬೇಕಾಗಿದ್ದೂ ಮುಖ್ಯವಾಗಿ ಒಂದೇ, ಅಫಾಯಾ ದೇವಿಯ ಗುಡಿ. ಬಂದರಿನಲ್ಲಿ ಬಟ್ಟೆ ಒಣಹಾಕಿದ ಹಾಗೆ ಹಗ್ಗಕ್ಕೆ ಆಕ್ಟೋಪಸ್ ನೇತುಹಾಕಿದ್ದರು. ಪಕ್ಕದಲ್ಲೇ ಸಾಲಾಗಿ ಪಿಸ್ತಾ ಅಂಗಡಿಗಳು. ಈ ದ್ವೀಪದ ಪಿಸ್ತಾಕ್ಕೆ ದೊಡ್ಡ ಹೆಸರಿದೆ. ಅದು ಆಗತಾನೇ ಕೊಯ್ಲು ಮುಗಿದ ಕಾಲವಾದ್ದರಿಂದ ಗುಲಾಬಿ ಬಣ್ಣದ ಹಸಿ ಸಿಪ್ಪೆಯ ಸಮೇತ ಮಾರುತ್ತಿದ್ದರು. ಅಮ್ಮನಿಗೆ ಅಂತ ಅರ್ಧ ಕಿಲೋ ಹುರಿದದ್ದು ತಗೊಂಡೆ. ಇಷ್ಟಾಗುವಾಗ ಬಸ್ಸು ಹೋಯಿತು. ಮುಂದಿನದಕ್ಕೆ ಬಹಳ ಹೊತ್ತಿತ್ತು, ಎಲ್ಲರೂ ನನ್ನನ್ನೇ ನೋಡಿದರು.

ಕೊನೆಗೂ ಗುಡ್ಡ ಹತ್ತಿದೆವು. ಪೈನ್ ಮರಗಳ ನಡುವೆ ಗುಡಿ. ಕ್ರಿ.ಪೂ. 500ರ ಆಸುಪಾಸಿನದು. ಮೂಲದ 32 ಹೊರಗಂಬಗಳಲ್ಲಿ 20ಕ್ಕೂ ಹೆಚ್ಚು ಇನ್ನೂ ನಿಂತಿವೆ. ಮೂರನ್ನು ಬಿಟ್ಟು ಉಳಿದವನ್ನೆಲ್ಲ ಒಂದೊಂದೇ ಕಲ್ಲಿನಲ್ಲಿ ಕಡೆದಿದ್ದರು. ಆ ಮೂರು ಮಾತ್ರ ಬಿಲ್ಲೆಬಿಲ್ಲೆಯಾಗಿ ಪೇರಿಸಿದವು. ಕಲ್ಲು ಅಲ್ಲಿನದೇ ಸುಣ್ಣಕಲ್ಲು, ಒರಟು. ಅದರ ಮೇಲೆ ನುಣ್ಣನೆಯ ಗಾರೆ ಬಳಿದು ಅಮೃತಶಿಲೆಯಂತೆ ಕಾಣುವ ಹಾಗೆ ಮಾಡುತ್ತಿದ್ದರಂತೆ. ದೇವರ ಮನೆಗೂ ಬಜೆಟ್ ಇತ್ತು ಅನ್ನೋದು ಸಮಾಧಾನದ ಸಂಗತಿ.

ನನ್ನ ಕಣ್ಣು ಮಾತ್ರ ಕಂಬದ ಮೇಲೆ ಇರಲಿಲ್ಲ. ಮಾಡಿನ ಅಂಚಿನ ತ್ರಿಕೋನ, ನಾವು ಪೆಡಿಮೆಂಟ್ ಅನ್ನುವುದು, ಇರಬೇಕಿದ್ದ ಜಾಗದಲ್ಲಿ ಬರೀ ಆಕಾಶ. ಅಲ್ಲಿದ್ದ ಯೋಧರನ್ನು ನಾನು ಮ್ಯೂನಿಕ್‌ನ ಗ್ಲಿಪ್ಟೋಟೆಕ್ ಮ್ಯೂಸಿಯಮ್ಮಿನಲ್ಲಿ ಎರಡು ವರ್ಷದಿಂದ ನೋಡುತ್ತಿದ್ದೆ. ಪ್ರಾಣ ಹೋಗುವಾಗಲೂ ಮುಗುಳ್ನಗುವವನೊಬ್ಬ, ಗುರಾಣಿ ಹಿಡಿದೇ ಕುಸಿಯುವ ಇನ್ನೊಬ್ಬ. 1811ರಲ್ಲಿ, ದ್ವೀಪ ಆಟೊಮನ್ ತುರ್ಕರ ಕೈಯಲ್ಲಿದ್ದಾಗ, ಇಂಗ್ಲೆಂಡಿನ ಕಾಕರೆಲ್, ಜರ್ಮನಿಯ ಹಾಲರ್ ಮತ್ತವರ ಗೆಳೆಯರು ಇವರನ್ನು ಅಗೆದು ತೆಗೆದರು. ಹರಾಜಿನಲ್ಲಿ ಕೊಂಡವನು, ಮ್ಯೂನಿಕ್ ರಾಜಧಾನಿಯಾಗಿದ್ದ ಬವೇರಿಯಾದ ರಾಜಕುಮಾರ ಲುಡ್ವಿಗ್. ಮುಂದೆ ಅವನ ಮಗ ಒಟ್ಟೋನೇ ಸ್ವತಂತ್ರ ಗ್ರೀಸಿನ ಮೊದಲ ರಾಜನಾದ. ಅಪ್ಪನಿಗೆ ಮೂರ್ತಿಗಳು, ಮಗನಿಗೆ ದೇಶ!

ನಾನು ಹಾಸನ ಜಿಲ್ಲೆಯವಳು. ಶಾಲೆಯ ಪ್ರವಾಸ ಅಂದರೆ ಹಳೇಬೀಡು; ಗುಡಿಯ ಗೋಡೆ ತುಂಬ ಆನೆ, ಕುದುರೆ, ದೇವರು, ಯುದ್ಧ. ಗುಡಿ ಒಂದೂರಲ್ಲಿ, ಶಿಲ್ಪ ಇನ್ನೊಂದೂರಲ್ಲಿ ಇರುವುದಕ್ಕೆ ನನ್ನ ಮನಸ್ಸು ಒಗ್ಗಿರಲಿಲ್ಲ.

ಹೊರಡುವಾಗ ಟಿಕೆಟ್ ಕೊಡುವ ಹಿರಿಯರು, "ಎಲ್ಲಿಂದ ಬಂದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಮುಖ ನೋಡಿ ಇಂಡಿಯಾ ಅಂತ ನಿರೀಕ್ಷಿಸಿದ್ದರೋ ಏನೋ. ನನ್ನ ಗೆಳೆಯ ಮುಂದೆ ಬಿದ್ದು, "ಮ್ಯೂನಿಕ್" ಅಂದ.

"ಓ, ನಮ್ಮವರು ಅಲ್ಲೇ ಇದ್ದಾರಲ್ಲ. ಚೆನ್ನಾಗಿದ್ದಾರಾ?"

ಗೆಳೆಯ ನಕ್ಕ. ಅವರು ನಗಲಿಲ್ಲ. "ಚೆನ್ನಾಗಿದ್ದಾರೆ, ಸರ್," ಅಂದೆ, ಯಾರೋ ನೆಂಟರ ಕ್ಷೇಮ ಹೇಳುವಂತೆ.

ಕೆಳಗಿನ ಅಯಿಯಾ ಮರೀನಾಕ್ಕೆ ಕಾಡುದಾರಿಯಲ್ಲಿ ನಡೆದೇ ಇಳಿದೆವು. ಉಳಿದವರು ಈಜಿದರು, ನಾನು ಟೊಮೆಟೊ ಒಳಗೆ ಅನ್ನ ತುಂಬಿ ಬೇಯಿಸಿದ ಯೆಮಿಸ್ತಾ ತಿಂದೆ. ನಮ್ಮ ಎಣ್ಣೆಗಾಯಿಯ ದೂರದ ತಂಗಿ, ಖಾರ ಮಾತ್ರ ಇಲ್ಲ. ವಾಪಸು ಹಡಗಿನಲ್ಲಿ ಯಾರೋ ಅಮ್ಮನ ಪಿಸ್ತಾ ಪೊಟ್ಟಣ ಬಿಚ್ಚಿದರು. ಪಿರೇಯಸ್ ದೀಪಗಳು ಕಾಣುವಷ್ಟರಲ್ಲಿ ಸಿಪ್ಪೆಯೇ ಉಳಿದಿತ್ತು. ಬಸ್ಸು ತಪ್ಪಿಸಿದ್ದಕ್ಕೆ ದಂಡ ಅಂದರು.

ಮ್ಯೂನಿಕ್‌ಗೆ ಮರಳಿದ ಮೇಲಿನ ಭಾನುವಾರ ಮ್ಯೂಸಿಯಮ್ಮಿಗೆ ಹೋದೆ. ಅಲ್ಲಿ ಯೋಧರನ್ನು ತಗ್ಗು ಪೀಠದ ಮೇಲೆ ಇಟ್ಟಿದ್ದಾರೆ. ಗುಡಿಯಲ್ಲಾದರೆ 5 ಮೀಟರಿಗೂ ಎತ್ತರದ ಕಂಬಗಳ ಮೇಲಿದ್ದವರು, ಕತ್ತೆತ್ತಿಯೇ ನೋಡಬೇಕಿತ್ತು. ಒಮ್ಮೆ ಹಾಗೆ ನೋಡೋಣ ಅಂತ ನಗುವ ಯೋಧನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಎರಡು ನಿಮಿಷವೂ ಆಗಿರಲಿಲ್ಲ, ಕಾವಲಿನವರು ಬಂದು ಎಬ್ಬಿಸಿದರು.