ಹತ್ತಕ್ಕೆ ಹತ್ತು ಕೂಡಿಸಿದರೆ ಹದಿನೇಳು

ಹೋದ ತಿಂಗಳು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ‘ಎ.ಸಿ. ಸರ್ ಹೋಗಿಬಿಟ್ರು’ ಎಂದು ಸುದ್ದಿ ಬಂತು. ಆಲ್ಟರ್ನೇಟಿಂಗ್ ಕರೆಂಟ್, ಅಂದರೆ ಅಲೆಯಂತೆ ಏರಿಳಿಯುವ ವಿದ್ಯುತ್ (ಎ.ಸಿ.), ಕಲಿಸುತ್ತಿದ್ದರೆಂದು ನಾವಿಟ್ಟ ಹೆಸರು ಅದು. ಏಪ್ರಿಲ್ ಬಿಸಿಲಲ್ಲಿ ಅವರ ಕ್ಲಾಸಿನ ಫ್ಯಾನೇ ತಿರುಗುತ್ತಿರಲಿಲ್ಲ, ಅದು ಬೇರೆ ಮಾತು.

ಆಗ ಊರು ಇನ್ನೂ ಗುಲಬರ್ಗಾ. ಕಲಬುರಗಿ ಎಂದು ಸರ್ಕಾರಿ ಹೆಸರಾದದ್ದು 2014ರಲ್ಲಿ. ಪಾಲಿಟೆಕ್ನಿಕ್‌ನಲ್ಲಿ ಓದಿದ್ದು ಬಹುಪಾಲು ಮರೆತಿದೆ. ಆದರೆ ಸರ್ ಲ್ಯಾಬಿನ ಶಹಾಬಾದ್ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ.

“ಹತ್ತು ಆಂಪಿಯರಿಗೆ ಹತ್ತು ಕೂಡಿಸಿದ್ರ ಎಷ್ಟೋ ತಮ್ಮಾ?”

“ಇಪ್ಪತ್ರೀ ಸರ.”

“ಎರಡೂ ಕೂಡೇ ಏರ್ತಾವಂತ ನಿನಗ್ಯಾರು ಹೇಳಿದ್ರು? ಶರಣಬಸಪ್ಪನ ಜಾತ್ರ್ಯಾಗ ತಿರುಗೂ ತೊಟ್ಟಿಲು ನೋಡಿಲ್ಲೇನು? ಪೆಟ್ಟಿಗಿ ಏರಿ ಇಳಿಯೂದೇ ಅಲೆ. ಅದನ್ನ ಹಿಡಕೊಂಡು ತಿರುಗೂ ಕಡ್ಡಿ ಫೇಸರ್.”

ಒಂದೊಂದು ಕರೆಂಟಿಗೆ ಒಂದೊಂದು ಕಡ್ಡಿ. ಎರಡೂ ಸೆಕೆಂಡಿಗೆ 50 ಸುತ್ತು, ಅಂದರೆ 50 ಹರ್ಟ್ಸ್, ಸುತ್ತಿದರೆ ನಡುವಿನ ಕೋನ ಬದಲಾಗದು; ಆದ್ದರಿಂದ ತೊಟ್ಟಿಲು ನಿಲ್ಲಿಸಿ ಅಳೆಯಬಹುದು. ಒಂದು 50 ಹರ್ಟ್ಸ್, ಇನ್ನೊಂದು 60 ಆದರೆ ಈ ಆಟ ನಡೆಯದು.

ಒಮ್ಮೆ ಟೆಸ್ಟಿನ ದಿನ ನಾವು ಮೂವರು, ಮುಂದಾಳು ನಾನೇ, ಇಡೀ ಕ್ಲಾಸಿನ ಕೋನಮಾಪಕಗಳನ್ನು ಬಾಚಿ ಡಿ.ಸಿ. ಮೋಟರಿನ ಹಿಂದೆ ಬಚ್ಚಿಟ್ಟೆವು. ಕೋನಮಾಪಕ ಇಲ್ಲ, ಟೆಸ್ಟೂ ಇಲ್ಲ ಎಂಬ ಲೆಕ್ಕ. ಸರ್ ಏನೂ ಕೇಳಲಿಲ್ಲ. ಜೇಬಿನಿಂದ ದಾರ ತೆಗೆದು ಹತ್ತು ಇಂಚಿಗೆ ಗಂಟು ಹಾಕಿದರು. ನೆಲದ ಮೇಲೆ ಹತ್ತಿಂಚಿನ ಗೆರೆ, ಇಂಚಿಗೊಂದು ಆಂಪಿಯರ್. ಅದರ ಎರಡು ತುದಿಯಿಂದ ಅದೇ ದಾರದಲ್ಲಿ ಕಂಸ. ಕೂಡಿದಲ್ಲಿಗೆ ಗೆರೆ ಎಳೆದರೆ ಅದೇ ಎರಡನೇ ಕರೆಂಟು, ಮೊದಲನೆಯದಕ್ಕೆ 60 ಡಿಗ್ರಿ ಕೋನದಲ್ಲಿ. ಮತ್ತೆರಡು ಕಂಸ ಎಳೆದು ನಾಲ್ಕನೇ ಮೂಲೆ ಹಿಡಿದು, ಕರ್ಣಕ್ಕೆ ಸ್ಕೇಲಿಟ್ಟರು: ಹದಿನೇಳೂಕಾಲು ಇಂಚು, ಮೇಲೊಂದು ಕೂದಲೆಳೆ. ಲೆಕ್ಕ ಹಾಕಿದರೆ 17.32 ಆಂಪಿಯರ್, ಮೊದಲನೆಯದಕ್ಕಿಂತ 30 ಡಿಗ್ರಿ ಮುಂದೆ. “ಈಗ ಬರೀರಿ” ಅಂದರು.

ಟೆಸ್ಟ್ ಮುಗಿದ ಮೇಲೆ ನಮ್ಮ ಮೂವರನ್ನೇ ಅಂಗಳಕ್ಕೆ ಕರೆದರು. ಹೆಸರು ಯಾರು ಹೇಳಿದರೋ ಇವತ್ತಿಗೂ ಗೊತ್ತಿಲ್ಲ! ಮೂರು ಹಗ್ಗ ಒಂದೇ ಗಂಟಿಗೆ ಕಟ್ಟಿಸಿ, 120 ಡಿಗ್ರಿ ಅಂತರದಲ್ಲಿ ನಿಲ್ಲಿಸಿ, ಮೂವರೂ ಒಂದೇ ಸಮ ಎಳೆಯಿರಿ ಅಂದರು. ಗಂಟು ಅಲುಗಲಿಲ್ಲ. ಹಗ್ಗ ಅಂದರೆ ಕರೆಂಟು ತರುವ ಮೂರು ಫೇಸ್ ತಂತಿ, ಗಂಟು ಅಂದರೆ ಅವು ಕೂಡಿ ವಾಪಸು ಹೋಗುವ ನ್ಯೂಟ್ರಲ್. “ಮೂರು ಫೇಸ್ ಸಮ ಇದ್ರ ನ್ಯೂಟ್ರಲ್‌ನಾಗ ಕರೆಂಟ್ ಸೊನ್ನೆ. ಈಗ ಒಬ್ಬಾಂವ ಬಿಡ್ರಿ.” ಅವನು ಬಿಟ್ಟ. ನಾವಿಬ್ಬರೂ ಮಣ್ಣಲ್ಲಿ.

ಮುಂದೆ ವಿದ್ಯುತ್ ಇಲಾಖೆಯಲ್ಲಿ ನೌಕರಿ ಸಿಕ್ಕಿತು. ಒಂದು ಕಟ್ಟಡದಲ್ಲಿ ನ್ಯೂಟ್ರಲ್ ತಂತಿ ಪದೇಪದೇ ಬಿಸಿಯಾಗುತ್ತಿತ್ತು. ಹಿರಿಯರೆಲ್ಲ ಜಾಯಿಂಟ್ ಬಿಚ್ಚಿ ಬಿಗಿಯುತ್ತಿದ್ದರೆ, ಲೋಡೆಲ್ಲ ಒಂದೇ ಫೇಸಿನ ಮೇಲಿದೆ ಎಂದವನು ನಾನು. ಜಂಬವಲ್ಲ, ಆಗಿದ್ದು ಹಾಗೆ.

ಈಗ ಮೊಮ್ಮಗಳು ಮೊಬೈಲಿನಲ್ಲಿ ಎರಡು ಅಂಕಿ ಒತ್ತುತ್ತಾಳೆ, ಅಲೆ ತಾನೇ ಕೂಡಿ ಪರದೆಗೆ ಬರುತ್ತದೆ. ಚೆನ್ನಾಗೇ ಇದೆ. ಕೋನ ಯಾಕೆ ಬೇಕು ಅಂದರೆ ಮಾತ್ರ, “ಆಪ್ ಕೇಳ್ತದ ತಾತಾ” ಎಂಬ ಉತ್ತರ. ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆಗೆ ಅಷ್ಟು ಸಾಕಂತೆ.

ಸರ್ ಫೋಟೊಕ್ಕೆ ಚೌಕಟ್ಟು ಹಾಕಿಸಲು ಸಂಘದವರು ವಂತಿಗೆ ಎತ್ತುತ್ತಿದ್ದಾರೆ. ಕೊಡುತ್ತೇನೆ. ಅದರ ಜತೆಗೆ ಲ್ಯಾಬಿಗೆ ಮರದ ದೊಡ್ಡ ಕೋನಮಾಪಕಗಳನ್ನೂ ಕೊಳ್ಳಲಿ, ಅದರ ಪೂರ್ತಿ ಖರ್ಚು ನನ್ನದು. ಬಚ್ಚಿಡುವ ಹುಡುಗರು ಹೇಗೂ ಬರುತ್ತಾರೆ.