ಇಸೆಯ ಪ್ರಾಚೀನ ದೇಗುಲಕ್ಕೆ ಹನ್ನೆರಡು ವರ್ಷ

12 ನವೆಂಬರ್ 2025, ಬುಧವಾರ
ಇಸೆ, ಮಿಯೆ ಪ್ರಾಂತ್ಯ, ಜಪಾನ್

ಮೊದಲು ಹೊರದೇಗುಲ ಗೆಕೂ, ಆಮೇಲೆ ಒಳದೇಗುಲ ನಾಯ್ಕೂ ಎಂಬುದು ಇಲ್ಲಿಯ ಯಾತ್ರೆಯ ಕ್ರಮ. ಅದರಂತೆ ಬೆಳಿಗ್ಗೆ ಅನ್ನದ ದೇವತೆ ತೊಯೊಉಕೆಗೆ ನಮಿಸಿ, ಇಸುಜು ನದಿಯ ಮೇಲಿನ ಉಜಿ ಸೇತುವೆಯನ್ನು ದಾಟಿ, ಸೂರ್ಯದೇವತೆ ಅಮತೆರಾಸುವಿನ ಸನ್ನಿಧಿಗೆ ನಡೆದೆ. ಜಪಾನಿನ ಅರಸು ಮನೆತನ ಈ ದೇವಿಯನ್ನೇ ತನ್ನ ಮೂಲವೆಂದು ನಂಬಿಕೊಂಡು ಬಂದಿದೆ. ಆಕೆಯ ಪವಿತ್ರ ಕನ್ನಡಿ ಒಳಗಿದೆಯೆಂಬುದು ಪರಂಪರೆಯ ಮಾತಾದರೂ ಅದರ ದರ್ಶನ ಯಾರಿಗೂ ಇಲ್ಲ. ಬಿಳಿ ತೆರೆ ಇಳಿಬಿಟ್ಟ ಬಾಗಿಲ ಮುಂದೆ ನಿಂತು ಎರಡು ಸಲ ಬಾಗಿ, ಎರಡು ಸಲ ಕೈ ತಟ್ಟಿ, ಮತ್ತೊಮ್ಮೆ ಬಾಗಿ ಹಿಂದೆ ಸರಿಯಬೇಕು.

ಬೇಲಿಗಳಾಚೆ ಕಾಣುವುದು ಹುಲ್ಲು ಹೊದಿಸಿದ ಮಾಡು, ಅದರ ಏಣಿನ ಮೇಲೆ ಅಡ್ಡಲಾಗಿ ಕೂರಿಸಿದ ಹತ್ತು ದಿಮ್ಮಿಗಳು, ಎರಡು ತುದಿಗಳಲ್ಲಿ ಆಕಾಶಕ್ಕೆ ಚಾಚಿದ ಕವಲು ಮರಗಳು. ಬಣ್ಣ ಕಾಣದ ಹಿನೋಕಿ ಮರದ ಕಂಬಗಳನ್ನು ತಳಗಲ್ಲಿಲ್ಲದೆ ನೇರವಾಗಿ ನೆಲದಲ್ಲಿ ಹೂಳುವುದರಿಂದ ಅವು ಬಹುಕಾಲ ಬಾಳಲಾರವು. ಆದ್ದರಿಂದ ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಅದೇ ಅಳತೆಯ ಹೊಸ ಗುಡಿ ಕಟ್ಟಿ ದೇವಿಯನ್ನು ಅಲ್ಲಿಗೆ ಬರಮಾಡಿಕೊಳ್ಳುತ್ತಾರೆ. 690ರಲ್ಲಿ ಮಹಾರಾಣಿ ಜಿತೊ ಕಾಲದಲ್ಲಿ, ಅಂದರೆ ಬಾದಾಮಿಯಲ್ಲಿ ಚಾಲುಕ್ಯ ವಿನಯಾದಿತ್ಯನು ಆಳುತ್ತಿದ್ದಾಗ, ಆರಂಭವಾದ ಈ ಕ್ರಮದ 62ನೆಯ ಆವೃತ್ತಿ 2013ರಲ್ಲಿ ನಡೆಯಿತು. ನಾನಿಂದು ಕಂಡದ್ದು ಆಗ ಕಟ್ಟಿದ ಗುಡಿಯನ್ನು. ಇದನ್ನು ಪ್ರಾಚೀನವೆನ್ನಲು ನನಗೆ ಲೇಶವೂ ಅಳುಕಿಲ್ಲ, ಏಕೆಂದರೆ ಒಬ್ಬ ಬಡಗಿ ಯೌವನದಲ್ಲಿ ಕಲಿತದ್ದನ್ನು ನಡುವಯಸ್ಸಿನಲ್ಲಿ ಕಿರಿಯರಿಗೆ ಕಲಿಸಲು ಈ ಇಪ್ಪತ್ತು ವರ್ಷದ ಅವಧಿ ಸರಿಯಾಗಿ ಒದಗುತ್ತದೆ; ಮರ ಹೊಸದಾದರೂ ಕಟ್ಟುವ ವಿದ್ಯೆ ಹಳೆಯದೇ.

ಹಾಗೆಂದು ಈ ಸರಣಿ ಎಂದೂ ತುಂಡಾಗಲಿಲ್ಲವೆಂದಲ್ಲ. ಅಂತರ್ಯುದ್ಧಗಳ ಕಾಲದಲ್ಲಿ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಇದು ನಿಂತೇ ಹೋಗಿತ್ತು. ಆಗ ಕೇಕೊಇನ್ ಮಠದ ಬೌದ್ಧ ಸನ್ಯಾಸಿನಿಯರು ಚಂದಾ ಎತ್ತಿದ್ದರಿಂದ 1563ರಲ್ಲಿ ಹೊರದೇಗುಲವೂ 1585ರಲ್ಲಿ ಎರಡೂ ದೇಗುಲಗಳೂ ಮತ್ತೆ ಹೊಸದಾದವು. ಜಪಾನಿನ ಮೂಲಧರ್ಮವಾದ ಶಿಂತೊದ ಅತ್ಯುನ್ನತ ಕ್ಷೇತ್ರವನ್ನು ಬುದ್ಧನ ಅನುಯಾಯಿಗಳು ಎತ್ತಿ ನಿಲ್ಲಿಸಿದ ಈ ಸಂಗತಿ ನನ್ನ ಮನಸ್ಸನ್ನು ತುಂಬಿತು.

ಕಳಚಿದ ಮರವೂ ವ್ಯರ್ಥವಾಗುವುದಿಲ್ಲ. ಹಳೆಯ ಗುಡಿಗಳ ಮಾಡಿನ ಏಣನ್ನು ಹೊತ್ತಿದ್ದ ಕಂಬಗಳೇ ಉಜಿ ಸೇತುವೆಯ ಎರಡೂ ಕಡೆಯ ತೊರಿಯಿ ದ್ವಾರಗಳಾಗಿ ನಿಂತಿವೆ. ದೇಗುಲದ ಸ್ವಂತ ಕಾಡಿನಲ್ಲಿ 1923ರಿಂದ ಹಿನೋಕಿ ಬೆಳೆಸುತ್ತಿದ್ದು, 2013ರ ಕಟ್ಟಡಕ್ಕೆ ಬೇಕಾದ ಮರದ ಒಂದು ಪಾಲು ಅಲ್ಲಿಂದಲೇ ಬಂದಿತು. ಆ ಕಾಡು ಬೆಳೆಸುವ ಯೋಜನೆಯ ಅವಧಿ ಇನ್ನೂರು ವರ್ಷ. 2033ರ ನಿರ್ಮಾಣಕ್ಕೆ ಸಂಬಂಧಿಸಿದ ವಿಧಿಗಳು ಈ ವರ್ಷವೇ ಆರಂಭವಾಗಿವೆ.